ಹಳೆಯ ಕಡತದ ವರಹ, ಹಣ, ಕಾಸುಗಳನ್ನು ರೂಪಾಯಿಗೆ ತಿರುಗಿಸುವ ಬಗೆ

ಆಗ ಮದರಾಸು ಆಡಳಿತಕ್ಕೆ ಸೇರಿದ್ದ ಬಳ್ಳಾರಿ ಅಥವಾ ಕೆನರಾ (ಕರಾವಳಿ) ಸೀಮೆಯ, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದ ಕಡತವೋ ಕಂದಾಯದ ಪತ್ರವೋ ಕೈಗೆ ಸಿಕ್ಕಾಗ, ಮೊತ್ತ ಕೂಡುವ ಮೊದಲು ಅದು ಯಾವ ವರ್ಷದ್ದು, ಯಾವ ಸರ್ಕಾರದ ಲೆಕ್ಕಕ್ಕೆ ಸೇರಿದ್ದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಮದರಾಸಿನ ಈಸ್ಟ್ ಇಂಡಿಯಾ ಕಂಪನಿ ಲೆಕ್ಕದಲ್ಲಿ 80 ಕಾಸಿಗೆ 1 ಹಣ (ಇಲ್ಲಿ ಹಣ ಎಂಬುದು ಒಂದು ನಾಣ್ಯದ ಹೆಸರು), 42 ಹಣಕ್ಕೆ 1 ನಕ್ಷತ್ರ ವರಹ, ಅಂದರೆ ನಕ್ಷತ್ರದ ಗುರುತಿನ ಚಿನ್ನದ ನಾಣ್ಯ. 1818ರಲ್ಲಿ ಅಲ್ಲಿನ ಸರ್ಕಾರ ಬೆಳ್ಳಿಯ ರೂಪಾಯಿಯನ್ನೇ ಮುಖ್ಯ ನಾಣ್ಯವೆಂದು ಸಾರಿದಾಗ 100 ವರಹಕ್ಕೆ 350 ರೂಪಾಯಿಯ ದರ ನಿಂತಿತು. ಅಂದರೆ 12 ಹಣಕ್ಕೆ 1 ರೂಪಾಯಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಆದ್ದರಿಂದ 1 ಹಣಕ್ಕೆ ಸರಿಯಾಗಿ 16 ಪೈ ಬರುತ್ತದೆ. ಇದೊಂದನ್ನು ನೆನಪಿಟ್ಟರೆ ಭಿನ್ನರಾಶಿಯ ಗೋಜೇ ಇಲ್ಲ.

ಪತ್ರದಲ್ಲಿ 3 ವರಹ 17 ಹಣ 40 ಕಾಸು ಎಂದಿದೆ ಎನ್ನೋಣ. 3 ವರಹಕ್ಕೆ 126 ಹಣ, ಅದಕ್ಕೆ 17 ಕೂಡಿದರೆ 143, ಉಳಿದ 40 ಕಾಸು ಅರ್ಧ ಹಣ. 143½ ಹಣವನ್ನು 12ರಿಂದ ಭಾಗಿಸಿದರೆ 11 ರೂಪಾಯಿ ಬಂದು 11½ ಹಣ ಉಳಿಯುತ್ತದೆ. ಅದನ್ನು 16ರಿಂದ ಗುಣಿಸಿದಾಗ ಬರುವ 184 ಪೈ ಎಂದರೆ 15 ಆಣೆ 4 ಪೈ. ಒಟ್ಟು 11 ರೂಪಾಯಿ 15 ಆಣೆ 4 ಪೈ.

ಪತ್ರದ ಜೊತೆಗೆ ತಾಮ್ರದ ಬಿಲ್ಲೆಯೂ ಸಿಕ್ಕರೆ ಎರಡೂ ಮುಖ ನೋಡಿ. ಇಂಗ್ಲೆಂಡಿನ ಸೋಹೋ ಟಂಕಸಾಲೆಯಲ್ಲಿ 1803 ಮತ್ತು 1808ರಲ್ಲಿ ಅಚ್ಚಾದ ಇಪ್ಪತ್ತು ಕಾಸಿನ ನಾಣ್ಯದ ಮೇಲೆ, ಇಪ್ಪತ್ತು ಕಾಸೆಂದರೆ ನಾಲ್ಕು ಫಲೂಸು (ತಾಮ್ರದ ಚಿಲ್ಲರೆ ನಾಣ್ಯ) ಎಂಬ ಪಾರಸಿ ಬರಹವಿರುತ್ತದೆ. ಲೆಕ್ಕದ ದರದಲ್ಲಿ ಇಂಥ 48 ನಾಣ್ಯಕ್ಕೆ 1 ರೂಪಾಯಿ. ಪೇಟೆಯ ದರ ಬೇರೆ: ಚಿನಿವಾರರು, ಅಂದರೆ ನಾಣ್ಯ ಬದಲಿಸಿಕೊಡುವವರು, ವಟ್ಟ (ಬದಲಾವಣೆಗಾಗಿ ಕಡಿತ ಮಾಡುವ ಮೊತ್ತ) ಹಿಡಿದೇ ತಾಮ್ರ, ಬೆಳ್ಳಿಗಳನ್ನು ಬದಲಾಯಿಸುತ್ತಿದ್ದರು. ಆದ್ದರಿಂದ 'ವಟ್ಟ' ಎಂಬ ಸಾಲು ಕಂಡರೆ ಅದನ್ನು ಅಸಲಿಗೆ ಸೇರಿಸದೆ ಪ್ರತ್ಯೇಕವಾಗಿ ಬರೆದುಕೊಳ್ಳಿ.

ಮೈಸೂರು ಸಂಸ್ಥಾನದ ಪತ್ರಕ್ಕೆ ಈ ಕೋಷ್ಟಕವನ್ನು ಖಂಡಿತ ಹಚ್ಚಬಾರದು. ಅಲ್ಲಿ ಬಳಕೆಯಲ್ಲಿದ್ದ ಕಂಠೀರಾಯಿ ಎಂಬ ನಾಣ್ಯದ ಲೆಕ್ಕದಲ್ಲಿ ವರಹಕ್ಕೆ 10 ಹಣ ಮಾತ್ರ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ 'ಮಯಿಲಿ ಕಾಸು' ಎಂದು ಕನ್ನಡದಲ್ಲೇ ಇರುವುದರಿಂದ ಅವನ್ನು ಗುರುತಿಸುವುದು ಸುಲಭ.

1835ರ ಕಾನೂನು ಕಾಲಾಣೆಗೆ 100 ಗ್ರೇನ್, ಅಂದರೆ ಸುಮಾರು 6.48 ಗ್ರಾಂ ತೂಕ ಗೊತ್ತುಮಾಡಿ, ತಾಮ್ರವು ರೂಪಾಯಿಯ ಒಳಗಿನ ಚಿಲ್ಲರೆಗಷ್ಟೇ ಕಡ್ಡಾಯವಾಗಿ ಸಲ್ಲುವುದೆಂದು ವಿಧಿಸಿತು. ಅದಾದ ಮೇಲಿನ ಪತ್ರದಲ್ಲಿ ಹತ್ತಾರು ರೂಪಾಯಿ ತಾಮ್ರದಲ್ಲೇ ಸಂದಾಯವಾಗಿದ್ದರೆ, ಅದು ಪಡೆಯುವವನ ಒಪ್ಪಿಗೆಯಿಂದ ನಡೆದ ವ್ಯವಹಾರವೆಂದು ತಿಳಿದು, ಅಕ್ಕಪಕ್ಕದ ಸಾಲುಗಳಲ್ಲಿ ವಟ್ಟದ ಮೊತ್ತವನ್ನು ಹುಡುಕಬೇಕು.