ಎರಡು ಬೇರುಗಳ ನಡುವೆ: ಒಂದು ದವಡೆ ಹಲ್ಲಿನ ಅನುಭವ

ದಾವಣಗೆರೆಯಲ್ಲಿ ವಸಡಿನ ಚಿಕಿತ್ಸೆ ಮಾಡಿಕೊಂಡಿರುವ ನನ್ನನ್ನು ದವಡೆ ಹಲ್ಲಿನ ಬೇರುಗಳು ಕವಲೊಡೆಯುವ ಜಾಗದಷ್ಟು ಕಾಡಿದ ಜಾಗ ಬಾಯಲ್ಲಿ ಬೇರೊಂದಿಲ್ಲ. ವಸಡು ಇಳಿದು ಮೂಳೆ ಕರಗಿ ಆ ಕವಲು ತೆರೆದುಕೊಂಡರೂ ಅದರ ಬಾಯಿ ಬಹುಪಾಲು ಹಲ್ಲುಗಳಲ್ಲಿ ಒಂದು ಮಿಲಿಮೀಟರಿಗಿಂತ ಕಿರಿದಾಗಿರುತ್ತದೆ. ಬೇರನ್ನು ಕೆರೆದು ಶುಚಿ ಮಾಡಲು ನಾವು ಬಳಸುವ ಕ್ಯೂರೆಟ್ಟಿನ ಅಲಗೂ ಹೆಚ್ಚುಕಡಿಮೆ ಅಷ್ಟೇ ಅಗಲ. ಒಳಗೆ ಕೂತ ಪಾಚಿಗೆ ರೋಗಿಯ ಬ್ರಷ್ಷೂ ಎಟುಕುವುದಿಲ್ಲ, ನಮ್ಮ ಉಪಕರಣವೂ ನೆಟ್ಟಗೆ ಎಟುಕುವುದಿಲ್ಲ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಲಗಡೆ ಕೆಳದವಡೆಯ ಮೊದಲ ದೊಡ್ಡ ಹಲ್ಲನ್ನು ತೋರಿಸಿ, “ಮಂಡಕ್ಕಿ ಅಗಿದ್ರೂ ನೋಯ್ತೈತಿ, ಕಿತ್ತುಬಿಡ್ರಿ ಡಾಕ್ಟ್ರೇ” ಎಂದಿದ್ದರು. ತಡಕಿ ನೋಡುವ ಬಾಗಿದ ಕಡ್ಡಿಯಾದ ನೇಬರ್ಸ್ ಪ್ರೋಬನ್ನು ಕೆನ್ನೆಯ ಕಡೆಯಿಂದ ಕವಲಿಗೆ ತೂರಿಸಿದರೆ ಅದರ ತುದಿ ನಾಲಿಗೆಯ ಕಡೆ ಇಣುಕಿತು. ಎಕ್ಸ್‌ರೇಯಲ್ಲಿ ಮುಂದಿನ ಬೇರಿನ ಸುತ್ತಲ ಮೂಳೆ ತುದಿಯವರೆಗೂ ಕರಗಿತ್ತು. ಹಿಂದಿನ ಬೇರಿಗೆ ಮಾತ್ರ ಒಳ್ಳೆಯ ಆಧಾರ ಉಳಿದಿತ್ತು.

ಕವಲು ಒಂದೇ ಕಡೆಯಿಂದ ತೆರೆದಿದ್ದರೆ, ಅಂದರೆ ಎರಡನೆಯ ದರ್ಜೆಯಾಗಿದ್ದರೆ, ಮೂಳೆಪುಡಿ ತುಂಬಿ ಪೊರೆ ಹೊದಿಸುತ್ತಿದ್ದೆ. ಕೆಳದವಡೆಯಲ್ಲಿ ಅದು ಸಾಮಾನ್ಯವಾಗಿ ಫಲ ಕೊಡುತ್ತದೆ. ಇವರದರಂತೆ ಆರುಪಾರು ತೆರೆದ ಕವಲಿನಲ್ಲಿ ಮೂಳೆ ಮರಳಿ ತುಂಬೀತೆಂಬ ಭರವಸೆ ನನಗಿಲ್ಲ. ಎರಡೂ ಬೇರು ಗಟ್ಟಿಯಿದ್ದರೆ ಕವಲನ್ನು ಹಿಗ್ಗಿಸಿ, ಸಣ್ಣ ಬ್ರಷ್ ಹೋಗುವಂತೆ ಸುರಂಗ ಮಾಡಬಹುದು, ಆದರೆ ಅದರೊಳಗೆ ಬೇರು ಹುಳುಕಾಗುವ ಭಯವಿದೆ. ಇಲ್ಲಿ ಒಂದು ಬೇರು ಆಗಲೇ ಕೈಬಿಟ್ಟಿದ್ದರಿಂದ ಹಲ್ಲನ್ನು ಇಬ್ಭಾಗ ಮಾಡಿ ಮುಂದಿನ ಅರ್ಧವನ್ನು ತೆಗೆಯುವುದೆಂದು ನಿರ್ಧರಿಸಿದೆ.

ಸಕ್ಕರೆ ಪರೀಕ್ಷೆ, ಹಲ್ಲು ಶುಚಿ, ಹಿಂದಿನ ಬೇರಿನ ರೂಟ್ ಕೆನಾಲ್ ಎಲ್ಲವೂ ಮೊದಲೇ ಮುಗಿದವು. ಅಡಿಕೆ ಬೆಳೆಯುವವರಿಗೆ ಎಲೆಅಡಿಕೆ ಬಿಡಿ ಎನ್ನುವುದು ಈ ಸೀಮೆಯಲ್ಲಿ ಸುಲಭದ ಮಾತಲ್ಲ. ಹೊಗೆಸೊಪ್ಪನ್ನಾದರೂ ಬಿಡುವಂತೆ ಒಪ್ಪಿಸಲು ಮೂರು ಭೇಟಿ ಹಿಡಿಯಿತು. ಆಮೇಲೆ ವಸಡನ್ನು ಬಿಡಿಸಿ, ನೀರು ಹಾಯಿಸುತ್ತ, ಉದ್ದನೆಯ ತೆಳ್ಳನೆಯ ಕೊರೆಯುವ ಮೊನೆಯಾದ ಬರ್‌ನಿಂದ ಕವಲಿನ ನೇರಕ್ಕೆ ಕೊರೆದೆ. ಹೀಗೆ ಕೊರೆಯುವಾಗ ಬರ್ ಯಾವಾಗಲೂ ತೆಗೆಯಲಿರುವ ಬೇರಿನ ಪಾಲನ್ನೇ ತಿನ್ನಬೇಕು. ಮುಂದಿನ ಅರ್ಧ ಸಲೀಸಾಗಿ ಬಂತು, ಹೊಲಿಗೆ ಹಾಕಿದೆ.

ಆರು ವಾರದ ನಂತರ ನೋಡಿದರೆ ಉಳಿದ ಬೇರಿನ ಮುಂಬದಿಯಲ್ಲಿ ಒಂದೇ ಚುಕ್ಕಿಯಷ್ಟು ಜಾಗ ಪ್ರೋಬ್ ಮುಟ್ಟಿದೊಡನೆ ರಕ್ತ ಒಸರುತ್ತಿತ್ತು. ಎಕ್ಸ್‌ರೇ ತೆಗೆದಾಗ ಕಾರಣ ಕಂಡಿತು: ಕವಲಿನ ಚಾವಣಿಯ ಚೂರೊಂದು ಮನೆಯ ಸೂರಿನಂತೆ ಹೊರಚಾಚಿ, ಅದರಡಿಯಲ್ಲಿ ಪಾಚಿ ಕಟ್ಟಿತ್ತು. ತಪ್ಪು ನನ್ನದೇ, ಕೈಗೆ ನುಣುಪಾಗಿ ತಾಗಿತೆಂದು ನಂಬಿ, ಅಂದು ಎಕ್ಸ್‌ರೇ ತೆಗೆಯದೆ ಹೊಲಿದಿದ್ದೆ. ಸಣ್ಣಕಣದ ಡೈಮಂಡ್ ಬರ್‌ನಿಂದ ಆ ಸೂರನ್ನು ಸವರಿ ತೆಗೆದ ಮೇಲೆ ಎರಡೇ ವಾರದಲ್ಲಿ ವಸಡು ಬಿಗಿಯಾಯಿತು. ನಂತರ ಮುಂದಿನ ಚಿಕ್ಕ ದವಡೆ ಹಲ್ಲಿಗೂ ಉಳಿದ ಬೇರಿಗೂ ಸೇರಿಸಿ, ಅಗಿಯುವ ಮೈಯನ್ನು ಕಿರಿದು ಮಾಡಿ, ಬ್ರಿಡ್ಜ್ ಕೂರಿಸಿದೆವು.

ಅವರು ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಾರೆ, ಅಂಗಿಯ ಜೇಬಿನಲ್ಲಿ ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ ಇರುತ್ತದೆ. ನಾನಂತೂ ಈಗ ಹಲ್ಲು ಇಬ್ಭಾಗ ಮಾಡಿದಾಗಲೆಲ್ಲ ಹೊಲಿಗೆ ಹಾಕುವ ಮೊದಲೇ ಎಕ್ಸ್‌ರೇ ತೆಗೆಯುತ್ತೇನೆ.