ಟ್ರಂಕಿನೊಳಗೆ ಸಿಕ್ಕಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿದ್ದವರು. ಕಾಸರಗೋಡಿನ ಪೆರ್ಲದ ಕಡೆ ಎಲ್ಲರಿಗೂ ಅವರು ‘ಮಿಲಿಟ್ರಿ ಅಣ್ಣ’. ಅವರು ತೀರಿಕೊಂಡು ವರ್ಷ ತುಂಬುವಾಗ ಒಂದು ಸಣ್ಣ ಪುಸ್ತಕ ಮಾಡೋಣ ಅಂತ ಹೊರಟೆ. ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಏಳು ತಿಂಗಳು ಹಿಡಿಯಿತು.

ಮೊದಲ ತಪ್ಪು ನನ್ನದೇ. ಮನೆಯಲ್ಲಿ ಹೇಳುತ್ತಿದ್ದ ಕಥೆಯನ್ನೇ ಬರೆದುಬಿಟ್ಟೆ: ‘1971ರಲ್ಲಿ ಬಾಂಗ್ಲಾದೇಶದ ಯುದ್ಧದಲ್ಲಿ ಹೋರಾಡಿದರು.’ ಹತ್ತು ಪುಟ ಆದಮೇಲೆ ಕರಿ ಟ್ರಂಕು ತೆಗೆದೆ. ಅಡಿಯಲ್ಲಿ, ಮಡಚಿಟ್ಟ ಉಣ್ಣೆಯ ಸ್ವೆಟರಿನೊಳಗೆ ಮೆಡಲುಗಳಿದ್ದವು. ಒಂದರ ಮೇಲೆ ‘ಪಶ್ಚಿಮಿ ಸ್ಟಾರ್’ ಅಂತಿತ್ತು. ಪೂರ್ವದ, ಅಂದರೆ ಬಾಂಗ್ಲಾ ಕಡೆಯ ಯುದ್ಧಕ್ಕೆ ಕೊಟ್ಟದ್ದು ಪೂರ್ವಿ ಸ್ಟಾರ್, ಪಶ್ಚಿಮದ್ದಕ್ಕೆ ಪಶ್ಚಿಮಿ ಸ್ಟಾರ್. ಡಿಸ್ಚಾರ್ಜ್ ಬುಕ್ಕಿನಲ್ಲೂ ಈ ಎರಡರಲ್ಲಿ ಪಶ್ಚಿಮಿ ಒಂದೇ ಇತ್ತು. ಅಂದರೆ ದೊಡ್ಡಪ್ಪ ಬಾಂಗ್ಲಾ ಕಡೆ ಹೋಗಿಯೇ ಇರಲಿಲ್ಲ!

ಹಾಗಾದರೆ ಕಥೆ ಹುಟ್ಟಿದ್ದು ಹೇಗೆ? ದೊಡ್ಡಮ್ಮ ಇಟ್ಟುಕೊಂಡಿದ್ದ ಇನ್‌ಲ್ಯಾಂಡ್ ಪತ್ರಗಳಲ್ಲಿ ಉತ್ತರ ಸಿಕ್ಕಿತು. ಎಲ್ಲದರಲ್ಲೂ ವಿಳಾಸ ‘ಕೇರಾಫ್ 56 ಎಪಿಓ’ ಅಷ್ಟೇ. ಎಪಿಓ ಅಂದರೆ ಸೇನೆಯ ಅಂಚೆ ಕಚೇರಿ. ಸೈನಿಕ ಎಲ್ಲಿದ್ದಾನೆ ಅಂತ ಅದರಿಂದ ಮನೆಯವರಿಗೆ ಗೊತ್ತಾಗುವುದಿಲ್ಲ. ಡಿಸೆಂಬರ್ 3ರಿಂದ 16ರವರೆಗೆ ರೇಡಿಯೋದಲ್ಲಿ ಢಾಕಾದ ಸುದ್ದಿಯೇ ಜಾಸ್ತಿ. ದೊಡ್ಡಮ್ಮ ದೊಡ್ಡಪ್ಪನನ್ನು ಅಲ್ಲಿಯೇ ನಿಲ್ಲಿಸಿಬಿಟ್ಟಿದ್ದರು. ನಾನು ಮೆಡಲು ತೋರಿಸಿದಾಗ ಸ್ವಲ್ಪ ಹೊತ್ತು ನೋಡಿ, ‘ಹಾಗಾದರೆ ನಾನು ಅಷ್ಟು ದಿನ ರೇಡಿಯೋಕ್ಕೆ ಕಿವಿ ಕೊಟ್ಟದ್ದು ಸುಮ್ನೆ ಅಲ್ವಾ ಮಾರಾಯ?’ ಅಂದರು.

ಆಮೇಲೆ ಇನ್ನೊಂದು ಆಸೆ ಹುಟ್ಟಿತು. ಅದೇ ಯುದ್ಧದಲ್ಲಿ ಪಶ್ಚಿಮದ ಶಕರ್‌ಗಢದ ಕಡೆ, ಬಸಂತರ್ ಹೊಳೆಯ ಹತ್ತಿರ, ಮದ್ರಾಸ್ ಸ್ಯಾಪರ್ಸ್‌ನ 9 ಎಂಜಿನಿಯರ್ ರೆಜಿಮೆಂಟ್ ನೆಲದಲ್ಲಿ ಹೂತಿಟ್ಟ ಮೈನು ತೆಗೆದು ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟದ್ದನ್ನು ಓದಿದೆ. ದೊಡ್ಡಪ್ಪನೂ ಅಲ್ಲಿದ್ದರು ಅಂತ ಬರೆಯಲು ಕೈ ತುರಿಸಿತು. ಬರೆಯಲಿಲ್ಲ. ಅವರ ಕಾಗದದಲ್ಲಿ ಆ ಯೂನಿಟ್ಟಿನ ಹೆಸರಿಲ್ಲ.

ಕಾಗದ ಓದುವವರಿಗೆ ಒಂದು ಮಾತು. ಜಿಲ್ಲೆ ‘ಕಣ್ಣೂರು’ ಅಂತಿದ್ದರೆ ಬೇರೆಯವರದ್ದು ಅಂತ ಗಾಬರಿಯಾಗಬೇಡಿ. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ಕ್ಕೆ, ಅಲ್ಲಿಯವರೆಗೆ ನಮ್ಮದು ಕಣ್ಣೂರು ಜಿಲ್ಲೆ. ದೊಡ್ಡಪ್ಪ 1983ರಲ್ಲೇ ಪೆನ್ಶನ್ ಬಂದವರು. ಹೆಸರಿನ ಸ್ಪೆಲ್ಲಿಂಗೂ ಮೂರು ಥರ ಇತ್ತು. ಸೈನಿಕನ ನಂಬರ್ ಎಲ್ಲದರಲ್ಲೂ ಒಂದೇ ಇದ್ದರೆ ಸಾಕು. ಅದು ಮೆಡಲಿನ ಅಂಚಿನಲ್ಲಿ ಸಣ್ಣಕ್ಕೆ ಕೊರೆದಿರುತ್ತದೆ. ಪಾಲಿಶ್ ಹಾಕಿ ಗಸಗಸ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಆಲ್ಬಮ್ಮಿನಲ್ಲಿ ಅಂಟಿದ ಫೋಟೊ ಎಳೆಯಲೂ ಬೇಡಿ. ನಾನು ಎಳೆದೆ. ಅವರ ಮದುವೆಯ ಫೋಟೊದಲ್ಲಿ ಈಗ ನನ್ನ ಅಜ್ಜಿಗೆ ಅರ್ಧ ಮುಖ ಇಲ್ಲ. ಆಲ್ಬಮ್ಮಿನಲ್ಲಿದ್ದ ಹಾಗೆಯೇ, ಹಗಲು ಬೆಳಕಲ್ಲಿ ಮೊಬೈಲಿನಿಂದ ತೆಗೆದರೆ ಸಾಕಿತ್ತು.

ನನಗೆ ಮೆಡಲಿಗಿಂತ ದೊಡ್ಡ ನಿಧಿ ಅನಿಸಿದ್ದು ಮನಿಯಾರ್ಡರಿನ ಕೂಪನ್ನುಗಳು. ದಾರದಲ್ಲಿ ಪೋಣಿಸಿಟ್ಟಿದ್ದರು. ಎರಡು ಬೆರಳಿನಷ್ಟು ಜಾಗದಲ್ಲಿ ಸಂಸಾರವೇ ಇತ್ತು: ‘ಅಪ್ಪನ ಕನ್ನಡಕಕ್ಕೆ 15. ತಂಗಿಯ ಫೀಸು 12. ಉಳಿದದ್ದು ನಿನಗೆ, ಯಾರಿಗೂ ಕೊಡಬೇಡ.’ ಪುಸ್ತಕದಲ್ಲಿ ಆರು ಪುಟ ಇವಕ್ಕೇ ಕೊಟ್ಟೆ. ವ್ಯಾಖ್ಯಾನ ಬರೆಯಲಿಲ್ಲ.

ಊರವರನ್ನು ಮಾತಾಡಿಸಲು ಹೋದಾಗ ಯುದ್ಧದ ಸುದ್ದಿ ಯಾರೂ ಎತ್ತಲಿಲ್ಲ. ಎಲ್ಲರೂ ಕಟ್ಟದ ವಿಷಯವನ್ನೇ ಹೇಳಿದರು. ನಮ್ಮಲ್ಲಿ ಮಳೆ ನಿಂತ ಮೇಲೆ ತೋಡಿಗೆ (ಸಣ್ಣ ಹೊಳೆಗೆ) ಅಡ್ಡ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುತ್ತಾರೆ. ಬೇಸಗೆಯಲ್ಲಿ ಅಡಿಕೆ ತೋಟಕ್ಕೂ ಬಾವಿಗೂ ಅದೇ ಗತಿ. ದೊಡ್ಡಪ್ಪ ಪ್ರತಿ ವರ್ಷ ಸೀಟಿ ಊದಿ ಜನ ಸೇರಿಸುತ್ತಿದ್ದರು. ಯಾವ ಮನೆಯಿಂದ ಎಷ್ಟು ಆಳು, ಎಷ್ಟು ಗೋಣಿ ಹೊಯಿಗೆ (ಮರಳು), ಎಲ್ಲ ನೋಟ್‌ಬುಕ್ಕಿನಲ್ಲಿತ್ತು. ನವೆಂಬರಿನಲ್ಲಿ ಸುತ್ತಮುತ್ತಲಿನ ಪೆನ್ಶನ್ನಿನ ಅಜ್ಜಿಯಂದಿರನ್ನು ಜೀಪಿನಲ್ಲಿ ಕೂರಿಸಿಕೊಂಡು ಜೀವಿತ ಪ್ರಮಾಣಪತ್ರ ಕೊಡಿಸಲು ಹೋಗುತ್ತಿದ್ದರು. ದಾರಿಯಲ್ಲಿ ಎಲ್ಲರಿಗೂ ಚಾ.

ಮಾತಾಡಿಸುವಾಗ ‘ಅವರು ಹೇಗಿದ್ದರು?’ ಅಂತ ಕೇಳಿದರೆ ‘ಒಳ್ಳೆ ಜನ’ ಅಂತ ಮುಗಿಸುತ್ತಾರೆ. ನೋಟ್‌ಬುಕ್ ಬಿಚ್ಚಿ ‘ಈ ವರ್ಷ ನಿಮ್ಮ ಮನೆಯಿಂದ ಆಳು ಬರಲೇ ಇಲ್ಲವಲ್ಲ?’ ಅಂದರೆ ಒಂದು ಗಂಟೆ ಮಾತು.

ಬದಿಯಡ್ಕದಲ್ಲಿ 30 ಪ್ರತಿ ಜೆರಾಕ್ಸ್ ಮಾಡಿಸಿದೆ. ಹಂಚುವ ಮುಂಚೆ ಪಕ್ಕದ ಮನೆಯ ಅಜ್ಜನಿಗೆ ತೋರಿಸಿದೆ. ಕೊನೆವರೆಗೂ ಓದಿ ಕೇಳಿದರು: ‘ಕಟ್ಟ ಒಡೆದದ್ದು ಎಲ್ಲಿ?’ ಒಂದು ವರ್ಷ ಹಿರಿಯರು ಬೇಡ ಅಂದ ಜಾಗದಲ್ಲೇ ದೊಡ್ಡಪ್ಪ ಹಟ ಹಿಡಿದು ಕಟ್ಟಿಸಿದರಂತೆ. ಅಕಾಲ ಮಳೆಗೆ ಒಂದೇ ರಾತ್ರಿಯಲ್ಲಿ ಹೋಯಿತಂತೆ. ನೋಟ್‌ಬುಕ್ಕಿನಲ್ಲಿ ಆ ಪುಟ ಹರಿದಿತ್ತು.

ಹಾಕಲೋ ಬೇಡವೋ ಅಂತ ದೊಡ್ಡಮ್ಮನಲ್ಲಿ ಕೇಳಿದೆ. ‘ಹಾಕು. ಕಟ್ಟ ಹೋದ ಮೇಲೆ ನಾಲ್ಕು ದಿನ ಅವರು ಸರಿಯಾಗಿ ಉಂಡಿರಲಿಲ್ಲ. ಅದನ್ನೂ ಹಾಕು’ ಅಂದರು.

ಮೂವತ್ತು ಪ್ರತಿಗೂ ಕೊನೆಯ ಪುಟದಲ್ಲಿ ಪೆನ್ನಿನಿಂದ ಬರೆದೆ.