ಒಂದು ನಿಮಿಷ ಪೂರ್ತಿ ನಾಡಿ ಹಿಡಿಯಬೇಕು

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಊರಲ್ಲಿ ನಾನು ಕ್ಲಿನಿಕ್ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು. ಓದಿದ್ದು ಬರೀ ಎಂಬಿಬಿಎಸ್, ಹೃದ್ರೋಗ ತಜ್ಞ ಅಲ್ಲ. ಆದರೆ ಎದೆ ಬಡಿತ ಏರುಪೇರಾದವರು ಮೊದಲು ಬರುವುದು ನನ್ನಂಥವರ ಹತ್ತಿರವೇ ಅಲ್ವಾ?

ಅಡಿಕೆ ಸುಲಿಯುವ ಕಾಲ. ಅರವತ್ತು ದಾಟಿದ ಒಬ್ಬರು ಅಮ್ಮ ಮೆಟ್ಟುಕತ್ತಿ ಮುಂದೆ ಕೂತಲ್ಲೇ ಬವಳಿ ಬಂದು ಬಿದ್ದರು ಅಂತ ಕರೆತಂದರು. ಬರುವಷ್ಟರಲ್ಲಿ ಸರಿಯಾಗಿದ್ದರು. 'ಪಿತ್ತ ಜಾಸ್ತಿ ಆಗಿದೆ ಡಾಕ್ಟ್ರೇ, ಬೆಳಿಗ್ಗೆ ಏನೂ ತಿಂದಿರಲಿಲ್ಲ' ಅಂದರು ಸೊಸೆ. ನಾನೂ ಬಿಪಿ ನೋಡಿದೆ, ಓಆರ್‌ಎಸ್ ಮತ್ತು ವಿಟಮಿನ್ ಮಾತ್ರೆ ಬರೆದು ಕಳಿಸಿದೆ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ನಾಡಿಯನ್ನು ಹತ್ತು ಸೆಕೆಂಡೂ ಹಿಡಿದಿರಲಿಕ್ಕಿಲ್ಲ. ಅದು ನನ್ನದೇ ತಪ್ಪು, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಹನ್ನೆರಡು ದಿನ ಬಿಟ್ಟು ಮತ್ತೆ ಬಿದ್ದರು. ಈ ಸಲ ಹಣೆ ಒಡೆದಿತ್ತು. ಹೊಲಿಗೆ ಹಾಕುತ್ತಾ ಅವರ ಕೈ ಹಿಡಿದರೆ ನಾಡಿ ಎಷ್ಟು ನಿಧಾನ ಅಂದರೆ, ಮುಂದಿನ ಬಡಿತ ಬರುತ್ತೋ ಇಲ್ವೋ ಅಂತ ಕಾಯಬೇಕಿತ್ತು. ಗಡಿಯಾರ ನೋಡಿ ಒಂದು ನಿಮಿಷ ಪೂರ್ತಿ ಎಣಿಸಿದೆ. ಮೂವತ್ತನಾಲ್ಕು. ಇಸಿಜಿ ಯಂತ್ರ ಕ್ಲಿನಿಕ್ಕಲ್ಲೇ ಇತ್ತು, ಆದರೆ ಎದೆನೋವು ಅಂದವರಿಗೆ ಮಾತ್ರ ತೆಗೆಯುತ್ತಿದ್ದೆ. ಅವತ್ತು ಉದ್ದದ ಪಟ್ಟಿ ತೆಗೆದೆ. ಹೃದಯದ ಮೇಲಿನ ಕೋಣೆಯ ಸಣ್ಣ ಅಲೆಗಳು ತಮ್ಮ ಪಾಡಿಗೆ, ಕೆಳಗಿನ ಕೋಣೆಯ ದೊಡ್ಡ ಅಲೆಗಳು ತಮ್ಮ ಪಾಡಿಗೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಕಂಪ್ಲೀಟ್ ಹಾರ್ಟ್ ಬ್ಲಾಕ್.

ಫೋಟೋ ತೆಗೆದು ಶಿವಮೊಗ್ಗದ ಪರಿಚಯದ ಹೃದ್ರೋಗ ತಜ್ಞರಿಗೆ ವಾಟ್ಸಾಪ್ ಮಾಡಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು, 'ಈಗಲೇ ಕಳಿಸಿ.' 108ಕ್ಕೆ ಕರೆ ಮಾಡಿದೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿ ಡಾಕ್ಟರುಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪ್‌ನಲ್ಲೇ ನೋಡಿ ಸಲಹೆ ಹೇಳುವ ವ್ಯವಸ್ಥೆ ಮಾಡಿದರಲ್ಲ, ಹೀಗೆ ಕೇಳುವ ಧೈರ್ಯ ನನಗೆ ಬಂದದ್ದು ಅದನ್ನು ನೋಡಿಯೇ.

ಬ್ಲಾಕ್ ಅಂದ ಕೂಡಲೇ ಮಗ ಕೇಳಿದ, 'ಸ್ಟೆಂಟ್ ಹಾಕಬೇಕಾ ಸಾರ್?' ಎಲ್ಲರೂ ಇದನ್ನೇ ಕೇಳುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಲೈನ್ ಹೋಗುತ್ತಲ್ಲ, ಹಾಗೆ ಅಂತ ಹೇಳಿದೆ. ಇಲ್ಲಿ ಕಟ್ಟಿಕೊಂಡದ್ದು ರಕ್ತದ ಪೈಪಲ್ಲ, ಬಡಿತದ ಕರೆಂಟ್ ಸಾಗಿಸುವ ವೈರು ಕಡಿದಿದೆ. ಅದಕ್ಕೆ ಹೃದಯಕ್ಕೆ ಕರೆಂಟ್ ಕೊಟ್ಟು ಬಡಿಸುವ ಪುಟ್ಟ ಯಂತ್ರ, ಪೇಸ್‌ಮೇಕರ್ ಬೇಕು. ಖರ್ಚು ಲಕ್ಷದ ಲೆಕ್ಕದಲ್ಲಿ ಅಂದಾಗ ಅವನ ಮುಖ ನೋಡಲಾಗಲಿಲ್ಲ. ಬಿಪಿಎಲ್ ಕಾರ್ಡಿತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಪೇಸ್‌ಮೇಕರ್ ಕೂಡ ಅದರಲ್ಲಿ ಬರುತ್ತದೆ. ಆದರೆ ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಹೊರಗಿನ ಯಂತ್ರದಿಂದ ಬಡಿತ ನಡೆಸುವ ತಾತ್ಕಾಲಿಕ ಪೇಸಿಂಗ್ ಮೇಲೆ ಆ ಅಮ್ಮ ಮಲಗಿದ್ದಾಗ ಮಗ ಎರಡು ದಿನ ಕಾಗದ ಹಿಡಿದು ಓಡಾಡಿದ. ಅದಕ್ಕೇ ಈಗ ಬಿಪಿ, ಶುಗರ್‌ಗೆ ಬರುವವರ ಹತ್ತಿರವೂ ಎರಡು ಕಾರ್ಡಲ್ಲೂ ಹೆಸರು ಒಂದೇ ಇದೆಯಾ ಅಂತ ಮೊದಲೇ ಕೇಳಿಬಿಡುತ್ತೇನೆ.

ನನ್ನ ಜೊತೆ ಓದಿದವನೊಬ್ಬ ಜರ್ಮನಿಯಲ್ಲಿದ್ದಾನೆ. ಇದನ್ನು ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು, 'ಮೊದಲ ಸಲ ಬಿದ್ದಾಗಲೇ ಇಸಿಜಿ ಯಾಕೆ ತೆಗೀಲಿಲ್ಲ?' 2009ರ ಜಾಗತಿಕ ಸಮೀಕ್ಷೆಯಲ್ಲಿ ಜರ್ಮನಿ ಎಲ್ಲರಿಗಿಂತ ಮುಂದೆ: ಹತ್ತು ಲಕ್ಷ ಜನಕ್ಕೆ 927 ಹೊಸ ಪೇಸ್‌ಮೇಕರ್. ನಮ್ಮದು ಎರಡಂಕಿಯ ಲೆಕ್ಕ. ಅಲ್ಲಿ ವಯಸ್ಸಾದವರು ಜಾಸ್ತಿ, ನಿಜ. ಆದರೆ ಇಷ್ಟೊಂದು ಅಂತರಕ್ಕೆ ಅದೊಂದೇ ಕಾರಣ ಆಗಲಾರದು. ನಮ್ಮಲ್ಲಿ ಅಂಥವರು ಪಿತ್ತ, ಲೋ ಬಿಪಿ, ನಿಶ್ಶಕ್ತಿ ಅನ್ನುವ ಹೆಸರಲ್ಲೇ ಹೋಗಿಬಿಡುತ್ತಾರೆ. ಆಫ್ರಿಕಾದಲ್ಲಿ ಪೇಸ್‌ಮೇಕರ್ ಹಾಕುವ ಒಂದು ಆಸ್ಪತ್ರೆಯೂ ಇಲ್ಲದ ದೇಶಗಳಿವೆ. ನಮಗೆ ಅರವತ್ತು ಕಿಲೋಮೀಟರಲ್ಲಿ ಶಿವಮೊಗ್ಗ, ಘಾಟಿ ಇಳಿದರೆ ಮಣಿಪಾಲ. ಇಷ್ಟು ಹತ್ತಿರ ಇದ್ದೂ ಕೈತಪ್ಪುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಾತ್ರೆಯ ವಿಷಯ ಬೇರೆ. ಊರಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಎದೆ ಬಡಿತ ತಾಳ ತಪ್ಪುವ ತೊಂದರೆ ಇದೆ, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗದಿರಲಿ ಅಂತ ಅಪಿಕ್ಸಾಬಾನ್ ತಗೊಳ್ತಾರೆ. ಇಲ್ಲಿ 2022ರ ಸೆಪ್ಟೆಂಬರಿನಲ್ಲಿ ಅದರ ಪೇಟೆಂಟ್ ಮುಗಿಯಿತು, ಬೇರೆ ಬೇರೆ ಕಂಪನಿಗಳ ಮಾತ್ರೆ ಬಂದು ಬೆಲೆ ಇಳಿಯಿತು. ಅಮೆರಿಕದಲ್ಲಿ ಅಗ್ಗದ ಮಾತ್ರೆಗೆ 2019ರಲ್ಲೇ ಒಪ್ಪಿಗೆ ಸಿಕ್ಕಿದ್ದರೂ ಪೇಟೆಂಟ್ ತಕರಾರಿನಿಂದ 2028ರವರೆಗೆ ಅಂಗಡಿಗೆ ಬರುವ ಹಾಗಿಲ್ಲ. ಅಲ್ಲಿರುವ ಮೇಷ್ಟ್ರ ಮಗಳು ನಮ್ಮ ಮೆಡಿಕಲ್ ಶಾಪಿನ ಬಿಲ್ಲನ್ನು ಎರಡೆರಡು ಸಲ ನೋಡಿದರು.

ಆದರೆ ಚಿಕ್ಕವರಿದ್ದಾಗ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ವಾಲ್ವ್ ಕಿರಿದಾಗಿ ಇದೇ ತೊಂದರೆ ಇರುವವರಿಗೆ ಈ ಹೊಸ ಮಾತ್ರೆಗಳು ಆಗುವುದಿಲ್ಲ. ಅಂಥವರಿಗೆ ವಾರ್ಫರಿನ್ ಗುಂಪಿನ ಹಳೆಯ ಔಷಧವೇ ಮೇಲು ಅಂತ 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ವಾರ್ಫರಿನ್ ಅಂದರೆ ಆಗಾಗ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ. ಜರ್ಮನಿಯಲ್ಲಿ ಎಷ್ಟೋ ಜನ ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಳ್ಳುತ್ತಾರೆ. ಇಲ್ಲಿ ಅದಕ್ಕೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು, ಆಷಾಢದ ಮಳೆಯಲ್ಲಿ ಬಸ್ಸೇ ಬರಲ್ಲ. ಅದಕ್ಕೆ ನನ್ನ ಕಾಂಪೌಂಡರ್ ತಿಂಗಳಿಗೊಂದು ಬುಧವಾರ ಅವರೆಲ್ಲರ ರಕ್ತ ತೆಗೆದು ಬೈಕಿನಲ್ಲಿ ತೀರ್ಥಹಳ್ಳಿ ಲ್ಯಾಬಿಗೆ ಮುಟ್ಟಿಸುತ್ತಾನೆ, ಸಂಜೆ ನಾನು ಫೋನ್ ಮಾಡಿ ಎಷ್ಟು ಮಾತ್ರೆ ಅಂತ ಹೇಳುತ್ತೇನೆ. ಈಗ ಹನ್ನೊಂದು ಜನ ಇದ್ದಾರೆ.

ಆ ಅಮ್ಮ ಮತ್ತೆ ಸುಲಿಯಲು ಹೋಗುತ್ತಿದ್ದಾರೆ. ಮೊನ್ನೆ ಬಂದಾಗ ಮೊಬೈಲನ್ನು ರವಿಕೆಯೊಳಗೆ ಎಡಗಡೆ, ಸರಿಯಾಗಿ ಪೇಸ್‌ಮೇಕರ್ ಮೇಲೆ ಇಟ್ಟುಕೊಂಡಿದ್ದರು. ಒಂದು ಗೇಣು ದೂರ ಇರಲಿ ಅಮ್ಮ ಅಂತ ತೆಗೆಸಿದೆ. ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ಕೈ ಮುಂದೆ ಚಾಚಿ ಕೂತರು. ಎಣಿಸಿದೆ. ಎಪ್ಪತ್ತು.